ತೊಂಬತ್ತೊಂಬತ್ತನೇ ಚಾನೆಲ್

ಟ್ಯಾಬ್ ಹಿಡಿದು ಬಂದ ಹುಡುಗ ಕೇಳುತ್ತಾನೆ:
ಕ್ರಿಸ್ಮಸ್ ಬೆಳಿಗ್ಗೆ ಟಿವಿಯಲ್ಲಿ ಏನು ಬರಬೇಕು, ಅಂಕಲ್?
ನಾಲ್ಕು ಆಯ್ಕೆ, ಒಂದನ್ನು ಒತ್ತಬೇಕಂತೆ.
ಸಿನಿಮಾ, ಅಡುಗೆ, ಹಾಸ್ಯ, ತಾರೆಯರ ಮನೆಯ ಹಬ್ಬ.

ಕೂರು ಮಾರಾಯ, ಚಹಾ ಬರಲಿ.
ಇಪ್ಪತ್ತಾರು ವರ್ಷ ಮಲಾಡಿನ ಈ ಒರ್ಲೆಂನಲ್ಲಿ
ತಂತಿ ಎಳೆದವನು ನಾನು,
ಮಾವಿನ ಮರದಿಂದ ಬಾಲ್ಕನಿಗೆ, ಬಾಲ್ಕನಿಯಿಂದ ನೀರಿನ ಟಾಕಿಗೆ.
ಯಾವ ಮನೆ ಎಷ್ಟು ಗಂಟೆಗೆ ಯಾವ ಧಾರಾವಾಹಿಗೆ ಅಳುತ್ತದೆ
ನನಗೆ ಗೊತ್ತು.
ಆ ಹೊತ್ತಿಗೆ ಸಿಗ್ನಲ್ ಹೋದರೆ
ಬೈಗುಳ ನಾಲ್ಕು ಭಾಷೆಯಲ್ಲಿ.

ಹಬ್ಬದ ದಿನ ನಿಮ್ಮ ದೊಡ್ಡ ಚಾನೆಲ್‌ಗಳು
ಹತ್ತಿಯ ಹಿಮ ಉದುರಿಸುತ್ತವೆ.
ಉಣ್ಣೆಯ ಕೆಂಪು ಟೋಪಿಯೊಳಗೆ ಬೆವರುತ್ತ ಒಬ್ಬಳು
ಮೊಟ್ಟೆಯಿಲ್ಲದ ಕೇಕಿನ ಗುಟ್ಟು ಹೇಳುತ್ತಾಳೆ.
ಇಲ್ಲಿ ಕೆಳಗಿನ ಮನೆಯ ಅಪೊಲಿನ್ ಬಾಯಿ
ಬಾಚಣಿಗೆಯ ಹಲ್ಲಿನ ಮೇಲೆ ಹಿಟ್ಟು ಒತ್ತಿ
(ಹೊಸ ಬಾಚಣಿಗೆ, ಆಣೆ ಹಾಕುತ್ತಾಳೆ)
ಕುಲ್‌ಕುಲ್ ಸುತ್ತುತ್ತಾಳೆ, ಟಿವಿಗೆ ಬೆನ್ನು ಹಾಕಿ.

ಒಂದು ವರ್ಷ ಏನಾಯಿತು, ಬರೆದುಕೋ.
ಬರೆಯಲು ಜಾಗ ಇಲ್ಲವಾ ಅದರಲ್ಲಿ?
ಹಾಗಾದರೆ ಬರೀ ಕೇಳು.

ಚರ್ಚಿನ ಬಯಲಲ್ಲಿ ರಾತ್ರಿಪೂಜೆ.
ಬರಲಾಗದವರಿಗೆ ನನ್ನ ತೊಂಬತ್ತೊಂಬತ್ತನೇ ಚಾನೆಲ್‌ನಲ್ಲಿ ನೇರ.
ಕ್ಯಾಮೆರಾ ಒಂದೇ, ಮದುವೆ ವಿಡಿಯೋದವನ ಬಾಡಿಗೆಯದು,
ಕುಂಟು ಮುಕ್ಕಾಲಿಗೆ ಇಟ್ಟಿಗೆ ಚೂರಿನ ಆಸರೆ.
ಪಾದ್ರಿ ಆಶೀರ್ವಾದ ಮುಗಿಸಿದರು, ಜನ ಅಪ್ಪಿಕೊಂಡರು, ಕರಗಿದರು.
ಯಾರೋ ಕೊಟ್ಟ ದ್ರಾಕ್ಷಾರಸ ಕುಡಿದು
ಸ್ಪೀಕರಿನ ಪೆಟ್ಟಿಗೆಗೆ ಒರಗಿದೆ.
ಒಂದೇ ಲೋಟ, ನಂಬು.
ಅಲ್ಲೇ ನಿದ್ದೆ.

ಕ್ಯಾಮೆರಾ ನಿದ್ದೆ ಮಾಡಲಿಲ್ಲ.

ಬೆಳಗಿನವರೆಗೆ ಆರುನೂರು ಮನೆಗೆ ಹೋದದ್ದು
ಖಾಲಿ ಕುರ್ಚಿಗಳು.
ಕುರ್ಚಿಯ ಮೇಲೆ ಕುರ್ಚಿ ಪೇರಿಸುವ ಇಬ್ಬರು ಹುಡುಗರು.
ಅವರಲ್ಲೊಬ್ಬ, ಯಾವುದೋ ಮಗುವಿನ ಒಂಟಿ ಬೂಟು ಹೆಕ್ಕಿ
ಆಚೀಚೆ ನೋಡಿ
ಗೋದಲಿಯೊಳಗಿಟ್ಟ, ಕತ್ತೆಗೂ ಎತ್ತಿಗೂ ನಡುವೆ.
ಬೀದಿನಾಯಿ ಬಂತು, ಆ ಹುಲ್ಲಲ್ಲೇ ಮೂರು ಸುತ್ತು ತಿರುಗಿ ಮಲಗಿತು.
ಕುರುಬರ ಗೊಂಬೆಗಳು ಏನೂ ಅನ್ನಲಿಲ್ಲ.
ಆಮೇಲೆ ಬಹಳ ಹೊತ್ತು ಏನೂ ಇಲ್ಲ.
ಐದಕ್ಕೆ, ಪಾಳಿಗೆ ಹೊರಟ ನರ್ಸೊಬ್ಬಳು
ಚಪ್ಪಲಿ ಕಳಚಿ ನಿಂತು,
ನಾಯಿಯನ್ನು ಎಬ್ಬಿಸದೆ ಶಿಲುಬೆ ಗುರುತು ಮಾಡಿ
ರಿಕ್ಷಾ ಕೂಗಿದಳು.
ಹಾಲಿನ ಟೆಂಪೋ. ಮೊದಲ ಕಾಗೆ.

ಆರೂಕಾಲಿಗೆ ಫೋನು.
ಹೋಯಿತು ಮರ್ಯಾದೆ ಅಂದುಕೊಂಡೆ.
ಮೂರನೇ ಮಾಳಿಗೆಯ ಸೆವೆರಿನ್ ಬಾಯಿ.
ಸೊಂಟ ಮುರಿದು ಒಂಬತ್ತು ವರ್ಷ, ಹಾಸಿಗೆಯೇ ಊರು.
‘ಬಂಗೇರಾ, ಬಂದ್ ಮಾಡಬೇಡ.
ಬಲಗಡೆ ಮೇಲೆ, ಮೂಲೆಯಲ್ಲಿ,
ಅದು ನನ್ನ ಕಿಟಕಿಯಲ್ಲವಾ?’

ತಲೆಯೆತ್ತಿದೆ.
ಹೌದು. ದೀಪ ಉರಿಯುವ ಕಿಟಕಿ,
ಕಾಗದದ ನಕ್ಷತ್ರ, ಒಂದು ಕೋಡು ಹರಿದಿದೆ.
‘ಹೊರಗಿನಿಂದ ನೋಡಿ ಒಂಬತ್ತು ವರ್ಷ’ ಅಂದಳು.
‘ಹರಿದಿದೆ ಅಂತ ಯಾರೂ ಹೇಳಲೇ ಇಲ್ಲ ನೋಡು.’
ಆಮೇಲೆ ಹಾಸಿಗೆ ಬದಿಯ ಸ್ವಿಚ್ಚಿನ ಟಕ್.
ಮೇಲೆ ಕಿಟಕಿ ಆರಿತು.
ನನಗೆ ಆಗಲೇ ಆರಿತ್ತು, ಅವಳಿಗೆ ಇನ್ನೂ ಉರಿಯುತ್ತಿತ್ತು:
ನನ್ನ ಕ್ಯಾಮೆರಾದಿಂದ ಅವಳ ಟಿವಿಗೆ
ಎರಡು ಸೆಕೆಂಡಿನ ದಾರಿ.
ಒಂದು.
ಎರಡು.
‘ಆರಿತು!’ ಎಂದು ಕೂಗಿದಳು,
ಎಪ್ಪತ್ತೆಂಟರ ಹೆಂಗಸು.
ಟಕ್. ಹತ್ತಿತು.
ಒಂದು, ಎರಡು. ‘ಹತ್ತಿತು!’
ಎಷ್ಟು ಸಲ ಎಂದು ಲೆಕ್ಕ ಇಡಲಿಲ್ಲ.
ನಾಯಿ ಎದ್ದು ಮೈ ಕೊಡವಿ
ಪರದೆಯಿಂದಾಚೆ ಹೋಯಿತು.

ಮರುದಿನ ಹೊಸ ನಕ್ಷತ್ರ ಒಯ್ದೆ, ನೂರಿಪ್ಪತ್ತು ರೂಪಾಯಿಯದು.
ಬೇಡವೆಂದಳು: ‘ಹರಿದದ್ದು ಇಲ್ಲದಿದ್ದರೆ
ಅಷ್ಟು ದೂರದಿಂದ ಗುರುತು ಸಿಗುವುದು ಹೇಗೆ?’

ಹಾಗಾಗಿ ತಮ್ಮಾ, ನನ್ನ ಉತ್ತರ ಇಷ್ಟೇ:
ಒಂದು ಕ್ಯಾಮೆರಾ, ಒಂದು ಗಲ್ಲಿ. ಸಂಗೀತ ಬೇಡ.
ಹೊತ್ತಿಗೊಬ್ಬರು ಎದ್ದು ಬಂದು
ಈಗ ನೀವು ನೋಡುತ್ತಿರುವುದು ಎಂದು ಹೇಳುವುದು ಬೇಡ.
ಕಾಯುವವನಿಗೆ ನಿದ್ದೆ ಬಂದರೆ ಎಬ್ಬಿಸಬೇಡಿ.

ಹುಡುಗ ತಲೆಯಾಡಿಸುತ್ತಾನೆ.
ಐದನೇ ಆಯ್ಕೆ ಇಲ್ಲ ಅಂಕಲ್, ಎನ್ನುತ್ತಾನೆ,
ನನ್ನ ಮುಖ ನೋಡಿ, ಟ್ಯಾಬ್ ನೋಡಿ
‘ಅಡುಗೆ’ ಒತ್ತುತ್ತಾನೆ.

ಇರಲಿ ಬಿಡು. ಚಹಾ ಕುಡಿ, ಆರುತ್ತಿದೆ.